ಚಾರ್ಜ್ ಇರುವ 11 ಕೆವಿ ಮಾರ್ಗದಲ್ಲಿ ಲೈಟ್ನಿಂಗ್ ಅರೆಸ್ಟರ್ ಬದಲಿಸುವ ಕ್ರಮ

ಭರಣಿ ಮಳೆಯ ಗುಡುಗು ಶುರುವಾಗುವ ಏಪ್ರಿಲ್ ಕೊನೆಯೊಳಗೆ ಸಿಡಿಲಿನ ಅಲೆಯನ್ನು ಭೂಮಿಗೆ ಇಳಿಸುವ, ಹಾಳಾದ ಲೈಟ್ನಿಂಗ್ ಅರೆಸ್ಟರ್‌ಗಳನ್ನು (ಎಲ್‌ಎಗಳನ್ನು) ಬದಲಿಸಿ ಮುಗಿಸಬೇಕೆಂಬುದು ಶಾಖಾ ಕಚೇರಿಗಳ ಮುಂಗಾರುಪೂರ್ವ ಕೆಲಸಗಳಲ್ಲಿ ಒಂದು. ಅದೇ ಬೇಸಿಗೆಯ ದಿನಗಳಲ್ಲಿ ಕುಡಿಯುವ ನೀರಿನ ಪಂಪಿಗೂ ಆಸ್ಪತ್ರೆಗೂ ವಿದ್ಯುತ್ ನಿಲ್ಲಿಸುವುದು ಕಷ್ಟವಾದ್ದರಿಂದ, ಫೀಡರನ್ನು (ಉಪಕೇಂದ್ರದಿಂದ ಹೊರಡುವ 11 ಕೆವಿ ಮಾರ್ಗವನ್ನು) ಆಫ್ ಮಾಡದೆಯೇ ಈ ಕೆಲಸ ಮಾಡಲು ಬರುತ್ತದೆಯೇ ಎಂಬ ಪ್ರಶ್ನೆ ಪ್ರತಿ ವರ್ಷವೂ ಏಳುತ್ತದೆ. ಬರುತ್ತದೆ, ಆದರೆ ಮೂರು ಸಂಗತಿಗಳು ಕೂಡಿಬಂದಾಗ ಮಾತ್ರ. ಅರೆಸ್ಟರಿನ ಲೈನ್ ತುದಿಯ ಜಂಪರ್ (ಅದನ್ನು ಲೈನಿಗೆ ಜೋಡಿಸುವ ತಂತಿ) ಹಾಟ್‌ಸ್ಟಿಕ್ ಎಂಬ ನಿರೋಧಕ ಕೋಲಿನಿಂದ ಬಿಚ್ಚಬಹುದಾದ ಕ್ಲ್ಯಾಂಪಿನಲ್ಲಿ ಇರಬೇಕು. ಅರೆಸ್ಟರು ಒಳಗೇ ಕೆಟ್ಟು ವಿದ್ಯುತ್ತನ್ನು ಭೂಮಿಗೆ ಹರಿಸುವ ಸ್ಥಿತಿಗೆ ಬಂದಿರಬಾರದು. ಹಾಟ್‌ಲೈನ್ ಕೆಲಸದಲ್ಲಿ, ಅಂದರೆ ಮಾರ್ಗದಲ್ಲಿ ವಿದ್ಯುತ್ ಇರುವಾಗಲೇ ಮಾಡುವ ಕೆಲಸದಲ್ಲಿ, ತರಬೇತಿ ಪಡೆದ, ಅದಕ್ಕೆಂದೇ ನೇಮಕಗೊಂಡ ತಂಡ ಪರೀಕ್ಷೆಗೊಂಡ ಸಲಕರಣೆಗಳೊಂದಿಗೆ ಸ್ಥಳದಲ್ಲಿರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಲೈನ್ ಕ್ಲಿಯರ್ (ಮಾರ್ಗ ನಿಲ್ಲಿಸಿ ಕೆಲಸ ಮಾಡುವ ಅನುಮತಿ) ಪಡೆದೇ ಕೆಲಸ ಮಾಡತಕ್ಕದ್ದು. ಚಾರ್ಜ್ ಇರುವ ಮಾರ್ಗದಲ್ಲಿ ನೇಮಿತರಲ್ಲದವರು ಕೆಲಸ ಮಾಡುವುದಿರಲಿ, ಕೆಲಸಕ್ಕೆ ಕೈಜೋಡಿಸುವುದನ್ನೂ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ನಿಷೇಧಿಸಿದ್ದವು. ಈ ಬರಹವನ್ನು ಓದಿದ ಮಾತ್ರಕ್ಕೆ ಯಾರಿಗೂ ಆ ಅರ್ಹತೆ ಬರುವುದಿಲ್ಲ. ಬೆಂಗಳೂರಿನ ಸೋಮನಹಳ್ಳಿಯಲ್ಲಿರುವ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯ ಹಾಟ್‌ಲೈನ್ ಕೇಂದ್ರದಂತಹ ಕಡೆ ಕಲಿತು ಬಂದವರಿಗೆ ಇದು ನೆನಪಿನ ಟಿಪ್ಪಣಿಯಾದೀತು. ಉಳಿದವರಿಗೆ, ಯಾವ ಕಂಬದ ಕೆಲಸವನ್ನು ಅಂಥವರಿಗೇ ಬಿಡಬೇಕು ಎಂಬುದನ್ನು ತಿಳಿಸೀತು.

ಕೆಳತುದಿಯನ್ನು ಭೂಮಿ ಎಂದು ತಿಳಿಯಬಾರದು

11 ಕೆವಿ ಮಾರ್ಗದಲ್ಲಿ ಫೇಸಿನಿಂದ ಭೂಮಿಗೆ ಇರುವ ವೋಲ್ಟೇಜು 6.35 ಕೆವಿ. ಇಂತಹ ಮಾರ್ಗಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಹಾಕುವುದು 9 ಕೆವಿ, 5 ಕೆಎ (ಕಿಲೋಆಂಪಿಯರ್) ದರ್ಜೆಯ ಎಲ್‌ಎ. ಈಗಿನ ಎಲ್‌ಎಗಳೊಳಗೆ ಒಂದರ ಮೇಲೊಂದು ಜೋಡಿಸಿದ ಸತುವಿನ ಆಕ್ಸೈಡಿನ ಬಿಲ್ಲೆಗಳಿರುತ್ತವೆ, ನಡುವೆ ಗಾಳಿಯ ಅಂತರ ಇರುವುದಿಲ್ಲ. ಆದ್ದರಿಂದ ಲೈನ್ ಚಾರ್ಜ್ ಆಗಿರುವಷ್ಟು ಹೊತ್ತೂ ಅದರ ಮೂಲಕ ಒಂದು ಮಿಲಿಆಂಪಿಯರಿಗೂ ಕಡಿಮೆಯಾದ ಸೋರಿಕೆ ಪ್ರವಾಹ ಹರಿಯುತ್ತಲೇ ಇರುತ್ತದೆ. ಸಿಡಿಲಿನ ಅಲೆ ಬಂದಾಗ ಬಿಲ್ಲೆಗಳ ರೋಧ ಕುಸಿದು ಸಾವಿರಾರು ಆಂಪಿಯರ್ ಭೂಮಿಗೆ ಇಳಿಯುತ್ತದೆ, ಅಲೆ ದಾಟಿದ ಕೂಡಲೇ ರೋಧ ಮೊದಲಿನ ಮಟ್ಟಕ್ಕೆ ಏರುತ್ತದೆ.

ಈ ಕೆಲಸದ ಕ್ರಮವೆಲ್ಲ ಈ ಸೋರಿಕೆಯ ಸಂಗತಿಯಿಂದಲೇ ಹುಟ್ಟುತ್ತದೆ. ಎಲ್‌ಎಯ ಕೆಳತುದಿ ಭೂಮಿಯ ವೋಲ್ಟೇಜಿನಲ್ಲಿ ಇರುವುದು ಅರ್ತ್ ವೈರು ಅದನ್ನು ಹಿಡಿದಿರುವವರೆಗೆ ಮಾತ್ರ. ಲೈನ್ ತುದಿ ಚಾರ್ಜಿನಲ್ಲಿರುವಾಗಲೇ ಅರ್ತ್ ವೈರನ್ನು ಬಿಚ್ಚಿದರೆ ಕೆಳತುದಿಯೂ ಲೈನಿನ ವೋಲ್ಟೇಜಿನತ್ತ ಏರುತ್ತದೆ, ಬಿಚ್ಚಿದವನ ಕೈಯೇ ಭೂಮಿಗೆ ದಾರಿಯಾಗುತ್ತದೆ. ಆದ ಕಾರಣ ತೆಗೆಯುವಾಗ ಲೈನ್ ತುದಿ ಮೊದಲು, ಅರ್ತ್ ತುದಿ ಆಮೇಲೆ. ಹಾಕುವಾಗ ಅರ್ತ್ ತುದಿ ಮೊದಲು, ಲೈನ್ ತುದಿ ಕಟ್ಟಕಡೆಗೆ. ಭೂಸಂಪರ್ಕದ ಗುಂಡಿಯ ರೋಧ ಅಳೆಯುವುದಕ್ಕೆಂದು ಚಾರ್ಜ್ ಇರುವ ಎಲ್‌ಎಯ ಅರ್ತ್ ವೈರನ್ನು ಕಂಬದ ಬುಡದಲ್ಲಿ ಬಿಚ್ಚುವ ರೂಢಿ ಕೆಲವು ಕಡೆ ಇದೆ. ನೆಲದ ಮೇಲೆ ನಿಂತು ಮಾಡುವ ಕೆಲಸವಾದ್ದರಿಂದ ಅದು ಅಪಾಯವೆನಿಸುವುದಿಲ್ಲ, ಆದರೆ ಅಪಾಯ ಅಷ್ಟೇ ಇದೆ.

ಅರ್ತ್ ವೈರು ತಾನಾಗಿಯೇ ಕಳಚಿಕೊಂಡಿರುವ ಸಂದರ್ಭವೂ ಉಂಟು. ಎಲ್‌ಎಯ ಬುಡದಲ್ಲಿ ಡಿಸ್‌ಕನೆಕ್ಟರ್ ಎಂಬ ಚಿಕ್ಕ ಭಾಗವೊಂದಿರುತ್ತದೆ. ಎಲ್‌ಎ ಒಳಗೇ ಶಾರ್ಟ್ ಆಗಿ ದೋಷಪ್ರವಾಹ ಹರಿದಾಗ ಅದರೊಳಗಿನ ಕಾರ್ಟ್ರಿಜ್ ಸಿಡಿದು ಅರ್ತ್ ವೈರನ್ನು ಕೆಳಕ್ಕೆ ಬೀಳಿಸುತ್ತದೆ. ಲೈನನ್ನು ಮತ್ತೆ ಚಾರ್ಜ್ ಮಾಡಲು ಸಾಧ್ಯವಾಗಲಿ, ಕೆಟ್ಟದ್ದು ಯಾವುದೆಂದು ನೆಲದಿಂದಲೇ ಕಾಣಲಿ ಎಂಬುದು ಅದರ ಉದ್ದೇಶ. ಹಾಗೆ ವೈರು ಜೋತುಬಿದ್ದ ಎಲ್‌ಎಯನ್ನು ಕಂಡು ಸತ್ತದ್ದೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಬಿಲ್ಲೆಗಳು ಶಾರ್ಟ್ ಆಗಿರುವುದರಿಂದ ಅದರ ಕೆಳತುದಿ ನೇರವಾಗಿ ಲೈನ್ ವೋಲ್ಟೇಜಿನಲ್ಲಿಯೇ ಇರುತ್ತದೆ. ಅದನ್ನು ಹೊತ್ತಿರುವ ಪಿಂಗಾಣಿಯೋ ಪಾಲಿಮರಿನ ಬ್ರ್ಯಾಕೆಟ್ಟೋ ಸೀಳಿದ್ದರೆ ಕಂಬದ ಅಡ್ಡತೋಳು (ಕ್ರಾಸ್ ಆರ್ಮ್) ಕೂಡ ನಂಬತಕ್ಕದ್ದಲ್ಲ.

ಮೊದಲು ನೆಲದಿಂದ ನೋಡುವುದು

ಕೆಲಸಕ್ಕೆ ಮುಂಚಿನ ದಿನವೇ ಸ್ಥಳಕ್ಕೆ ಹೋಗಿ ದುರ್ಬೀನಿನಲ್ಲಿ ನೋಡಿ ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಎಲ್‌ಎಯ ಜಂಪರ್ ಎಲ್ಲಿಂದ ಹೊರಟಿದೆ ಎಂಬುದೇ ಮೊದಲ ಪ್ರಶ್ನೆ. ನಮ್ಮ ಟಿಸಿಗಳ (ಟ್ರಾನ್ಸ್‌ಫಾರ್ಮರ್ ಕೇಂದ್ರಗಳ) ಕಟ್ಟಡ ಒಂದೇ ತೆರನಾಗಿಲ್ಲ. ಕೆಲವು ಕಡೆ ಜಿಓಎಸ್ (ಮೂರೂ ಫೇಸುಗಳನ್ನು ಒಟ್ಟಿಗೆ ತೆರೆಯುವ ಸ್ವಿಚ್) ಮತ್ತು ಎಚ್‌ಜಿ (ಹಾರ್ನ್ ಗ್ಯಾಪ್) ಫ್ಯೂಸುಗಳನ್ನು ದಾಟಿ ಟ್ರಾನ್ಸ್‌ಫಾರ್ಮರಿನ ಬುಶಿಂಗ್ (ತಂತಿ ಒಳಹೋಗುವ ನಿರೋಧಕ) ಹತ್ತಿರ ಎಲ್‌ಎ ಇರುತ್ತದೆ. ಕೆಲವು ಕಡೆ ಅದರ ಜಂಪರನ್ನು ಜಿಓಎಸ್‌ಗೆ ಮುಂಚೆಯೇ ಲೈನಿನಿಂದ ಎಳೆದಿರುತ್ತಾರೆ. ಎರಡನೆಯ ಬಗೆಯಲ್ಲಿ ಜಿಓಎಸ್ ತೆರೆದರೆ ಟ್ರಾನ್ಸ್‌ಫಾರ್ಮರು ಸದ್ದಡಗುತ್ತದೆ, ಊರಿನ ದೀಪ ಆರುತ್ತದೆ, ಎಲ್‌ಎ ಮಾತ್ರ ಚಾರ್ಜಿನಲ್ಲಿಯೇ ಉಳಿಯುತ್ತದೆ. ಹಿಡಿಕೆ ಕೆಳಗಿಳಿದದ್ದನ್ನೇ ನೋಡಿ ಕಂಬ ಹತ್ತುವವನ ಪ್ರಾಣ ಹೋಗಲು ಈ ಒಂದು ವ್ಯತ್ಯಾಸ ಸಾಕು. ಜಿಓಎಸ್‌ನ ಮೂರು ಬ್ಲೇಡುಗಳಲ್ಲಿ ಒಂದು ಅಂಟಿಕೊಂಡು ತೆರೆಯದೇ ಇರುವುದೂ ಹಳೆಯ ಕಟ್ಟಡಗಳಲ್ಲಿ ಅಪರೂಪವಲ್ಲ.

ಎರಡನೆಯದಾಗಿ ಜಂಪರನ್ನು ಹೇಗೆ ಜೋಡಿಸಿದ್ದಾರೆಂದು ನೋಡಬೇಕು. ಕೆಳಮುಖವಾಗಿ ಕಣ್ಣಿರುವ ಹಾಟ್‌ಲೈನ್ ಕ್ಲ್ಯಾಂಪ್ ಇದ್ದರೆ ಅದನ್ನು ಕೋಲಿನಿಂದ ತಿರುಗಿಸಿ ಸಡಿಲಿಸಬಹುದು. ಎರಡು ಬೋಲ್ಟುಗಳ ಪಿಜಿ ಕ್ಲ್ಯಾಂಪ್ ಇದ್ದರೆ, ಇಲ್ಲವೇ ತಂತಿಯನ್ನೇ ಬಿಗಿಯಾಗಿ ಸುತ್ತಿದ್ದರೆ, ಚಾರ್ಜಿನಲ್ಲಿ ಬಿಚ್ಚುವ ಯೋಚನೆಯನ್ನೇ ಬಿಡುವುದು ಲೇಸು. ಕೋಲಿನ ತುದಿಯ ಕಟ್ಟರಿನಿಂದ ಜಂಪರನ್ನು ಕತ್ತರಿಸುವ ವಿಧಾನವಿದೆ, ನಿಜ. ಆದರೆ ಕತ್ತರಿಸಿದ ಮೇಲೆ ಲೈನಿನಲ್ಲಿ ಉಳಿಯುವ ತುಂಡನ್ನೂ ಹೊಸ ಜೋಡಣೆಯನ್ನೂ ನಿಭಾಯಿಸಲು ನುರಿತ ತಂಡವೇ ಬೇಕು. ನಮ್ಮ ಹಳ್ಳಿಗಾಡಿನ ಫೀಡರುಗಳಲ್ಲಿ ಇಂತಹ ಜೋಡಣೆಗಳೇ ಹೆಚ್ಚಾಗಿ ಕಣ್ಣಿಗೆ ಬೀಳುವುದರಿಂದ, ಹಾಟ್‌ಲೈನ್ ಕೆಲಸದ ಆಸೆ ಬಹಳ ಕಡೆ ಇಲ್ಲಿಗೇ ಮುಗಿಯುತ್ತದೆ.

ಮೂರನೆಯದು ಎಲ್‌ಎಯ ಆರೋಗ್ಯ. ಸೀಳಿದ ಪಿಂಗಾಣಿ, ಕಪ್ಪಾದ ಕಲೆ, ಜೋತುಬಿದ್ದ ಅರ್ತ್ ವೈರು ಕಣ್ಣಿಗೆ ಕಾಣುತ್ತವೆ. ಕಾಣದ ದೋಷಕ್ಕೆ ಥರ್ಮಲ್ ಕ್ಯಾಮೆರಾ ನೆರವಾಗುತ್ತದೆ. ಒಂದೇ ಕಂಬದ ಮೂರು ಎಲ್‌ಎಗಳಲ್ಲಿ ಒಂದು ಉಳಿದೆರಡಕ್ಕಿಂತ ಬಿಸಿಯಾಗಿದ್ದರೆ ಅದರ ಸೋರಿಕೆ ಹೆಚ್ಚಿದೆ ಎಂದರ್ಥ. ಡಿಸ್‌ಕನೆಕ್ಟರ್ ಕಳಚಿರದೆ ಎಲ್‌ಎ ಬಿಸಿಯಾಗಿದ್ದರೆ ಅಥವಾ ಬುಸುಗುಡುತ್ತಿದ್ದರೆ ಅದರ ಹತ್ತಿರ ಹೋಗಿ ಹಾಟ್‌ಸ್ಟಿಕ್ ಎತ್ತಬಾರದು. ಅದು ಯಾವ ಕ್ಷಣದಲ್ಲಾದರೂ ಒಡೆಯಬಹುದು, ಪಿಂಗಾಣಿಯದಾದರೆ ಚೂರುಗಳು ದೂರಕ್ಕೆ ಸಿಡಿಯುತ್ತವೆ. ಇಂಥದ್ದಕ್ಕೆ ಲೈನ್ ಕ್ಲಿಯರ್ ಒಂದೇ ದಾರಿ.

ಅನುಮತಿ, ಸಲಕರಣೆ, ಹವೆ

ಚಾರ್ಜಿನಲ್ಲಿಯೇ ಮಾಡುವುದೆಂದು ನಿರ್ಧಾರವಾದರೆ ಫೀಡರ್ ಹೊರಡುವ ಮಾಸ್ಟರ್ ಯೂನಿಟ್ ಉಪಕೇಂದ್ರದ ಆಪರೇಟರಿನಿಂದ ಲಿಖಿತವಾಗಿ ಹಾಟ್‌ಲೈನ್ ಪರ್ಮಿಟ್ ಪಡೆಯಬೇಕು. ಬ್ರೇಕರಿಗೆ ಆಟೋ ರೀಕ್ಲೋಸ್ (ಟ್ರಿಪ್ ಆದ ಮೇಲೆ ತಾನಾಗಿಯೇ ಮತ್ತೆ ಆನ್ ಆಗುವ ವ್ಯವಸ್ಥೆ) ಇದ್ದರೆ ಅದನ್ನು ನಿಲ್ಲಿಸಿ ಟ್ಯಾಗ್ ಕಟ್ಟಿಸಬೇಕು. ಅದಿಲ್ಲದ ಕಡೆಯೂ, ಫೀಡರ್ ಟ್ರಿಪ್ ಆದಾಗ ಒಮ್ಮೆ ಟೆಸ್ಟ್ ಚಾರ್ಜ್ ಮಾಡಿ ನೋಡುವುದು ಆಪರೇಟರುಗಳ ಕೈಗೆ ಅಂಟಿದ ಅಭ್ಯಾಸ. ಈ ಪರ್ಮಿಟ್ ಇರುವಷ್ಟು ಹೊತ್ತು, ತಂಡದ ಮುಖ್ಯಸ್ಥ ತಾನೇ ಕರೆ ಮಾಡಿ ಹೇಳುವವರೆಗೆ, ಯಾವ ಕಾರಣಕ್ಕೂ ಮರುಚಾರ್ಜ್ ಮಾಡಕೂಡದೆಂಬುದನ್ನು ಹೇಳಿ, ಅವರ ಬಾಯಿಂದ ಅದನ್ನೇ ಮತ್ತೆ ಹೇಳಿಸಿಕೊಳ್ಳಬೇಕು.

ಕೈಗವಸು 2ನೇ ದರ್ಜೆಯ ರಬ್ಬರಿನದಾಗಿರಬೇಕು. 17 ಕೆವಿವರೆಗಿನ ಬಳಕೆಗೆ ನಿಗದಿಯಾದ ದರ್ಜೆ ಅದು. ಮೇಲೆ ತೊಗಲಿನ ರಕ್ಷಣಾ ಕೈಗವಸು ಇರಲೇಬೇಕು. ಆರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆಯಾದ ದಿನಾಂಕ ಅದರ ಮೇಲೆ ಇದೆಯೇ ಎಂದು ನೋಡಿ, ಪ್ರತಿ ಬಾರಿ ತೊಡುವ ಮುನ್ನ ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ ಒಳಗೆ ಗಾಳಿ ಹಿಡಿದು, ಸೋರುವ ಸದ್ದಿಗೆ ಕಿವಿಗೊಡಬೇಕು. ಫೈಬರ್ ಗ್ಲಾಸಿನ ಹಾಟ್‌ಸ್ಟಿಕ್ ಮೇಲೆ ಗೀರು, ಮೆರುಗು ಹೋದ ಭಾಗ, ಎಣ್ಣೆ ಜಿಡ್ಡು ಇರಬಾರದು. ಸಿಲಿಕೋನ್ ಬಟ್ಟೆಯಿಂದ ಒರೆಸಿ ಒಣ ತಾರ್ಪಾಲಿನ ಮೇಲೆ ಇಡಬೇಕೇ ಹೊರತು ನೆಲಕ್ಕೆ ಒರಗಿಸಬಾರದು. ದೇಹಕ್ಕೂ ಚಾರ್ಜಿನ ಭಾಗಕ್ಕೂ ಇರಬೇಕಾದ ಕನಿಷ್ಠ ಅಂತರವನ್ನು ಆಯಾ ಕಂಪನಿಯ ಸುರಕ್ಷತಾ ಕೈಪಿಡಿ ಹೇಳುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಎಸ್‌ಎಚ್‌ಎಯ ನಿಯಮದಲ್ಲಿ 5.1ರಿಂದ 15 ಕೆವಿವರೆಗೆ ಫೇಸಿನಿಂದ ಭೂಮಿಗೆ 0.65 ಮೀಟರ್ ಎಂದಿದೆ. ನಮ್ಮ ಇಕ್ಕಟ್ಟಾದ ಟಿಸಿ ಕಟ್ಟಡಗಳಲ್ಲಿ ಅಷ್ಟು ಜಾಗ ಉಳಿಯುವುದೇ ಕಷ್ಟ. ಉಳಿಯದಿದ್ದರೆ ಅದೂ ಲೈನ್ ಕ್ಲಿಯರಿಗೆ ಕಾರಣವೇ.

ಹವೆಯ ಬಗ್ಗೆ ಚರ್ಚೆ ಬೇಡ. ದೂರದಲ್ಲಿ ಗುಡುಗು ಕೇಳಿಸಿದರೂ, ಹನಿ ಬಿದ್ದರೂ, ಮಂಜು ಮುಸುಕಿದ್ದರೂ ಕೆಲಸ ಆರಂಭಿಸಬಾರದು, ಆರಂಭಿಸಿದ್ದರೆ ನಿಲ್ಲಿಸಬೇಕು. ಮಲೆನಾಡಿನ ಬೆಳಗಿನ ಇಬ್ಬನಿಯಲ್ಲಿ ಕೋಲಿನ ಮೈ ತೇವವಾಗುವುದರಿಂದ ಬಿಸಿಲೇರುವವರೆಗೆ ಕಾಯುವುದು ವಾಸಿ.

ಕಂಬದ ಮೇಲಿನ ಕೆಲಸ

ನಿರೋಧಕ ಬಕೆಟ್ ಇರುವ ವಾಹನದಲ್ಲಿ ಅಥವಾ ಕಂಬದ ಮೇಲೆ ಸುರಕ್ಷಾ ಬೆಲ್ಟಿನೊಂದಿಗೆ ಕೆಲಸ ಮಾಡುವವರು ಇಬ್ಬರು, ಕೆಳಗೆ ನಿಂತು ನೋಡುವವನು ಒಬ್ಬ. ಈ ನೋಡುವವನು ಹಗ್ಗವನ್ನಾಗಲಿ ಮೊಬೈಲನ್ನಾಗಲಿ ಹಿಡಿಯದೆ, ಮೇಲಿನವರ ಮೈ ಎಲ್ಲಿದೆ, ಕೋಲಿನ ತುದಿ ಎಲ್ಲಿದೆ ಎಂಬುದನ್ನು ಮಾತ್ರ ಗಮನಿಸುತ್ತಿರಬೇಕು. ಕಂಬದ ಸುತ್ತ ಹಗ್ಗ ಕಟ್ಟಿ ಜನರನ್ನೂ ದನಕರುಗಳನ್ನೂ ದೂರವಿಟ್ಟು, ಪಕ್ಕದ ಫೇಸುಗಳಿಗೂ ಬುಶಿಂಗಿಗೂ ರಬ್ಬರಿನ ಲೈನ್ ಹೋಸ್ ಮತ್ತು ಹೊದಿಕೆಗಳನ್ನು ಹತ್ತಿರದ್ದರಿಂದ ದೂರದ್ದಕ್ಕೆ ಎಂಬ ಕ್ರಮದಲ್ಲಿ ಹಾಕಬೇಕು.

ಮೂರು ಎಲ್‌ಎಗಳನ್ನು ಬದಲಿಸುವುದಿದ್ದರೂ ಒಂದು ಸಲಕ್ಕೆ ಒಂದೇ ಫೇಸ್. ಮೊದಲನೆಯವನು ಹಾಟ್‌ಸ್ಟಿಕ್‌ನ ಕೊಕ್ಕೆಯನ್ನು ಕ್ಲ್ಯಾಂಪಿನ ಕಣ್ಣಿಗೆ ಸಿಕ್ಕಿಸಿ ಹಿಡಿಯುತ್ತಾನೆ. ಎರಡನೆಯವನು ಇನ್ನೊಂದು ಕೋಲಿನಿಂದ ಜಂಪರನ್ನು ನಡುವಿನಲ್ಲಿ ಹಿಡಿಯುತ್ತಾನೆ. ಈ ಎರಡನೆಯ ಹಿಡಿತವಿಲ್ಲದೆ ಕ್ಲ್ಯಾಂಪ್ ಬಿಚ್ಚಿದರೆ ಸ್ಪ್ರಿಂಗಿನಂತೆ ಬಾಗಿರುವ ಜಂಪರು ಜಿಗಿದು ಪಕ್ಕದ ಫೇಸಿಗೋ ಟ್ಯಾಂಕಿಗೋ ತಗಲುತ್ತದೆ. ಕ್ಲ್ಯಾಂಪ್ ಸಡಿಲವಾದ ಮೇಲೆ ತಡವರಿಸದೆ ಒಂದೇ ಚಲನೆಯಲ್ಲಿ ಲೈನಿನಿಂದ ದೂರಕ್ಕೆ ಎಳೆಯಬೇಕು. ಒಳ್ಳೆಯ ಎಲ್‌ಎಯಾದರೆ ಸೋರಿಕೆ ಅತ್ಯಲ್ಪವಾದ್ದರಿಂದ ಚಿಕ್ಕ ಕಿಡಿಯಷ್ಟೇ ಕಾಣುತ್ತದೆ. ಎಳೆಯುವಾಗ ಆರ್ಕ್ ಹಿಗ್ಗುತ್ತ ಬಂದರೆ ಅಥವಾ ಎಲ್‌ಎ ಸದ್ದು ಮಾಡಿದರೆ ಅರ್ಧದಲ್ಲಿ ನಿಲ್ಲಿಸಬಾರದು. ಪೂರ್ತಿ ಎಳೆದು ಬೇರ್ಪಡಿಸಿ, ಅಲ್ಲಿಂದ ಸರಿದು, ಮುಂದಿನ ಕೆಲಸವನ್ನು ಲೈನ್ ಕ್ಲಿಯರಿಗೆ ಬಿಡಬೇಕು.

ಬೇರ್ಪಟ್ಟ ಎಲ್‌ಎಯ ಮೇಲ್ತುದಿಗೆ ಅರ್ತ್ ಮಾಡಿದ ಡಿಸ್ಚಾರ್ಜ್ ರಾಡ್ ತಗುಲಿಸಿದ ನಂತರವೇ ಅದು ಕೈಯಿಂದ ಮುಟ್ಟತಕ್ಕ ವಸ್ತುವಾಗುತ್ತದೆ. ಆಗ ಅರ್ತ್ ವೈರನ್ನು ಬಿಚ್ಚಿ, ಬೋಲ್ಟುಗಳನ್ನು ಸಡಿಲಿಸಿ, ಹಗ್ಗದಲ್ಲಿ ಕೆಳಗಿಳಿಸಬೇಕು. ಗುಂಡಿಯ ರೋಧ ಅಳೆಯಲು ಸರಿಯಾದ ಹೊತ್ತೂ ಇದೇ: ಆ ಗುಂಡಿಗೆ ಉಳಿದ ಫೇಸುಗಳ ಎಲ್‌ಎಗಳು ಜೋಡಣೆಯಾಗಿರದಿದ್ದರೆ ಮಾತ್ರ. ಮೂರಕ್ಕೂ ಒಂದೇ ಗುಂಡಿಯಾದರೆ, ಮೂರನ್ನೂ ಲೈನಿನಿಂದ ಬಿಡಿಸಿರದೆ ಬುಡದ ಜೋಡಣೆಯನ್ನು ಮುಟ್ಟಬಾರದು.

ಹೊಸ ಎಲ್‌ಎಯನ್ನು ಮೇಲೆ ಕಳಿಸುವ ಮೊದಲೇ ಅದರ ಫಲಕ ಓದಿ 9 ಕೆವಿ, 5 ಕೆಎ ಎಂದಿರುವುದನ್ನು ಖಚಿತಪಡಿಸಿಕೊಂಡು, 5 ಕೆವಿ ಮೆಗ್ಗರಿನಲ್ಲಿ ನಿರೋಧವನ್ನು ಅಳೆದಿರಬೇಕು. ಸಾವಿರ ಮೆಗಾಓಮಿಗಿಂತ ಕೆಳಗೆ ತೋರಿಸುವ ಹೊಸ ಎಲ್‌ಎಯನ್ನು, ಮೈ ಒರೆಸಿ ಮತ್ತೆ ಅಳೆದರೂ ಏರದಿದ್ದರೆ, ಉಗ್ರಾಣಕ್ಕೆ ಮರಳಿಸುವುದು ಸರಿ. ಬ್ರ್ಯಾಕೆಟ್ಟಿಗೆ ಬಿಗಿದ ಮೇಲೆ ಮೊದಲು ಅರ್ತ್ ವೈರು. ಆಮೇಲೆ ಜಂಪರಿನ ಒಂದು ತುದಿ ಎಲ್‌ಎಯ ತಲೆಗೆ. ಹಾಟ್‌ಲೈನ್ ಕ್ಲ್ಯಾಂಪ್ ಹೊತ್ತ ಇನ್ನೊಂದು ತುದಿ ಕೋಲಿನ ಮೇಲೆ. ಲೈನಿನ ತಂತಿ ಅಲ್ಯೂಮಿನಿಯಮಿನದು, ಜಂಪರು ತಾಮ್ರದ್ದು ಎಂದಾದರೆ ಕ್ಲ್ಯಾಂಪ್ ಎರಡೂ ಲೋಹಗಳಿಗೆ ಒಗ್ಗುವ ಬೈಮೆಟಾಲಿಕ್ ಆಗಿರಬೇಕು. ಕ್ಲ್ಯಾಂಪ್ ಕೂರುವ ಜಾಗವನ್ನು ಕೋಲಿಗೆ ಕಟ್ಟಿದ ತಂತಿ ಬ್ರಷ್‌ನಿಂದ ಉಜ್ಜಿ, ಇಬ್ಬರೂ ಮುಖವನ್ನು ಎಲ್‌ಎಯಿಂದ ಸಾಧ್ಯವಾದಷ್ಟು ದೂರವಿಟ್ಟು, ಒಂದೇ ಬಾರಿಗೆ ಲೈನಿಗೆ ಕೂರಿಸಿ ಬಿಗಿಯಬೇಕು. ಸಾಗಣೆಯಲ್ಲಿ ಪೆಟ್ಟು ತಿಂದ ಎಲ್‌ಎ ಒಡೆಯುವುದಾದರೆ ಬಹುಮಟ್ಟಿಗೆ ಈ ಮೊದಲ ಚಾರ್ಜಿನಲ್ಲಿಯೇ ಒಡೆಯುತ್ತದೆ. ಬಿಗಿದ ಕೂಡಲೇ ದೂರ ಸರಿದು ಕೆಲವು ನಿಮಿಷ ಗಮನಿಸಿದ ನಂತರ ಮುಂದಿನ ಫೇಸಿಗೆ ಹೋಗಬೇಕು.

ಲೈನ್ ಕ್ಲಿಯರ್ ಪಡೆದು ಮಾಡುವಾಗ

ಹೆಚ್ಚಿನ ಕಂಬಗಳಲ್ಲಿ ಕೆಲಸ ಈ ದಾರಿಯಲ್ಲಿಯೇ ನಡೆಯುತ್ತದೆ, ನಡೆಯಬೇಕಾದದ್ದೂ ಹೀಗೆಯೇ. ಲೈನ್ ಕ್ಲಿಯರ್ ಪಡೆದವನೇ ಅದನ್ನು ಹಿಂದಿರುಗಿಸಬೇಕು. ಅರ್ಧ ಗಂಟೆಯ ನಂತರ ನೀವೇ ಚಾರ್ಜ್ ಮಾಡಿ ಎಂಬ ಗಡಿಯಾರದ ಒಪ್ಪಂದ ಯಾವ ಕಾಲಕ್ಕೂ ಸಲ್ಲದು. ಬ್ರೇಕರ್ ಆಫ್ ಆಗಿದೆ ಎಂಬ ಮಾತು ಬಂದ ಮೇಲೆ ಜಿಓಎಸ್ ತೆರೆದು ಬೀಗ ಹಾಕಿ, ಮೂರು ಬ್ಲೇಡುಗಳೂ ತೆರೆದಿರುವುದನ್ನು ಕಣ್ಣಾರೆ ಕಂಡು, ವೋಲ್ಟೇಜ್ ಡಿಟೆಕ್ಟರನ್ನು ಮೊದಲು ಚಾರ್ಜ್ ಇರುವ ಬೇರೊಂದು ಕಡೆ ಪರೀಕ್ಷಿಸಿಕೊಂಡು, ಎಲ್‌ಎಯ ಮೇಲ್ತುದಿಯಲ್ಲಿ ಮೂರು ಫೇಸುಗಳಿಗೂ ಹಿಡಿದು ನೋಡಬೇಕು. ನಂತರ ಅರ್ತಿಂಗ್ ರಾಡುಗಳನ್ನು, ಭೂಮಿಯ ತುದಿ ಮೊದಲು ಲೈನಿನ ತುದಿ ಆಮೇಲೆ ಎಂಬ ಕ್ರಮದಲ್ಲಿ, ಕೆಲಸದ ಜಾಗದ ಎರಡೂ ಬದಿಗೆ ಹಾಕಬೇಕು. ಜಂಪರ್ ಜಿಓಎಸ್‌ಗೆ ಮುಂಚೆ ಇರುವ ಕಂಬದಲ್ಲಿ ಫೀಡರಿನ ಲೈನ್ ಕ್ಲಿಯರ್ ಇಲ್ಲದೆ ಜಿಓಎಸ್ ಒಂದನ್ನೇ ನಂಬಿ ಹತ್ತುವಂತಿಲ್ಲ.

ಟ್ರಾನ್ಸ್‌ಫಾರ್ಮರಿನ ಎಲ್‌ಟಿ (ಕಡಿಮೆ ವೋಲ್ಟೇಜಿನ) ಬದಿಯನ್ನು ಮರೆಯುವವರೇ ಹೆಚ್ಚು. ಅಂಗಡಿಯ ಜನರೇಟರು ಚೇಂಜ್‌ಓವರ್ ಸ್ವಿಚ್ ಇಲ್ಲದೆ ನೇರವಾಗಿ ಜೋಡಣೆಯಾಗಿದ್ದರೆ 433 ವೋಲ್ಟಿನ ಬದಿಯಿಂದ ಟ್ರಾನ್ಸ್‌ಫಾರ್ಮರಿನ ಮೂಲಕ ಹಿಮ್ಮುಖವಾಗಿ 11 ಕೆವಿ ಮೇಲೆ ಬರುತ್ತದೆ. ಆದ್ದರಿಂದ ಎಲ್‌ಟಿ ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಮೇಲೆ ಹೋಗಬೇಕು. ಹೇಗೂ ಮಾರ್ಗ ನಿಂತಿರುವ ಈ ಅವಕಾಶದಲ್ಲಿ ಹಳೆಯ ಪಿಜಿ ಕ್ಲ್ಯಾಂಪಿನ ಬದಲು ಹಾಟ್‌ಲೈನ್ ಕ್ಲ್ಯಾಂಪ್ ಹಾಕಿಬಿಟ್ಟರೆ ಮುಂದಿನ ಸಲದ ಕೆಲಸಕ್ಕೆ ಫೀಡರ್ ನಿಲ್ಲಿಸುವ ಅಗತ್ಯ ಬೀಳದೇ ಇರಬಹುದು.

ತಂತಿಯ ಉದ್ದ ಮತ್ತು ದಾಖಲೆ

ಎಲ್‌ಎ ಎಷ್ಟು ಒಳ್ಳೆಯದಾದರೂ ತಂತಿ ಉದ್ದವಾದರೆ ಟ್ರಾನ್ಸ್‌ಫಾರ್ಮರಿಗೆ ಸಿಗುವ ರಕ್ಷಣೆ ಕುಗ್ಗುತ್ತದೆ. 11 ಕೆವಿ ಟ್ರಾನ್ಸ್‌ಫಾರ್ಮರು ತಾಳಿಕೊಳ್ಳಬೇಕಾದ ಸಿಡಿಲಿನ ಅಲೆಯ ಮಟ್ಟ 75 ಕೆವಿ. 9 ಕೆವಿ ಎಲ್‌ಎ 5 ಕೆಎ ಹರಿಸುವಾಗ ತನ್ನ ಮೇಲೆ ಉಳಿಸಿಕೊಳ್ಳುವುದು ಸುಮಾರು 30 ಕೆವಿ. ಅಂತರ ಧಾರಾಳವಾಗಿ ಕಾಣುತ್ತದೆ. ಆದರೆ ತಂತಿಯ ಪ್ರತಿ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಇರುವುದರಿಂದ, ಪ್ರವಾಹ ಮೈಕ್ರೋಸೆಕೆಂಡಿಗೆ 10 ಕೆಎ ವೇಗದಲ್ಲಿ ಏರಿದರೆ ಮೀಟರಿಗೆ 10 ಕೆವಿಯಂತೆ ಅದರ ಮೇಲೆ ಕೂಡುತ್ತ ಹೋಗುತ್ತದೆ. ಮೇಲಿನ ಜಂಪರು, ಕೆಳಗಿನ ಅರ್ತ್ ವೈರು ಎರಡೂ ಈ ಲೆಕ್ಕಕ್ಕೆ ಬರುತ್ತವೆ. ಆದುದರಿಂದ ಎಲ್‌ಎಯನ್ನು ಬುಶಿಂಗಿಗೆ ಸಾಧ್ಯವಾದಷ್ಟು ಹತ್ತಿರಕ್ಕೆ ತಂದು, ಜಂಪರನ್ನು ಗಿಡ್ಡವಾಗಿಯೂ ನೇರವಾಗಿಯೂ ಇಡಬೇಕು. ಅರ್ತ್ ವೈರನ್ನು ಪೆನ್ಸಿಲಿಗೆ ಸುತ್ತಿದಂತೆ ಸುರುಳಿ ಮಾಡಿ ಅಂದಗಾಣಿಸುವ ಪದ್ಧತಿಯೊಂದು ನಮ್ಮಲ್ಲಿ ಬೇರೂರಿದೆ. ನೋಡಲು ಚೆಂದವೇ, ಆದರೆ ಅದು ಇಂಡಕ್ಟೆನ್ಸನ್ನು ಹೆಚ್ಚಿಸಿ ಕೆಲಸ ಕೆಡಿಸುತ್ತದೆ. ಡಿಸ್‌ಕನೆಕ್ಟರಿನಿಂದ ಹೊರಡುವ ಮೊದಲ ತುಂಡು ಬಾಗುವ ಹೆಣೆದ ತಂತಿಯಾಗಿರಲಿ. ಅಲ್ಲಿ ಬಿರುಸಾದ 8 ಎಸ್‌ಡಬ್ಲ್ಯೂಜಿ ಜಿಐ ವೈರನ್ನೇ ಹಾಕಿದರೆ ಕಾರ್ಟ್ರಿಜ್ ಸಿಡಿದ ಮೇಲೂ ಅದು ಕೆಳಗೆ ಬೀಳದೆ ನಿಂತಲ್ಲೇ ನಿಂತು, ಕೆಟ್ಟ ಎಲ್‌ಎಯನ್ನು ಒಳ್ಳೆಯದೆಂದು ತೋರಿಸುತ್ತಿರುತ್ತದೆ.

ಒಂದು ಫೇಸಿನದು ಕೆಟ್ಟಾಗ ಮೂರನ್ನೂ ಬದಲಿಸಬೇಕೇ ಎಂಬುದಕ್ಕೆ ನನ್ನ ಉತ್ತರ ಹೀಗಿದೆ: ಉಳಿದೆರಡು ಗಾಳಿ ಅಂತರವಿರುವ ಹಳೆಯ ಸಿಲಿಕಾನ್ ಕಾರ್ಬೈಡ್ ಮಾದರಿಯವಾದರೆ ಯೋಚಿಸದೆ ಬದಲಿಸಿ, ಸತುವಿನ ಆಕ್ಸೈಡಿನವಾಗಿದ್ದು ಬಿಸಿಯಾಗದಿದ್ದರೆ ಬಿಟ್ಟುಬಿಡಿ. ತೆಗೆದ ಎಲ್‌ಎಯನ್ನು ಒಡೆದು ನೋಡುವ ಕುತೂಹಲ ಬೇಡ, ಡಿಸ್‌ಕನೆಕ್ಟರ್ ಸಿಡಿದಿರದಿದ್ದರೆ ಒಳಗಿನ ಕಾರ್ಟ್ರಿಜ್ ಇನ್ನೂ ಜೀವಂತವಾಗಿರುತ್ತದೆ. ಟಿಸಿ ಸಂಖ್ಯೆ, ಫೇಸ್, ಹೊಸ ಎಲ್‌ಎಯ ಕ್ರಮಸಂಖ್ಯೆ ಮತ್ತು ತಯಾರಾದ ವರ್ಷ, ಗುಂಡಿಯ ರೋಧ, ಜಂಪರ್ ಹೊರಟ ಜಾಗ ಜಿಓಎಸ್‌ಗೆ ಮುಂಚೆಯೋ ಆಮೇಲೆಯೋ ಎಂಬುದನ್ನು ನಿರ್ವಹಣಾ ಪುಸ್ತಕದಲ್ಲಿ ಬರೆದಿಟ್ಟು, ಮೊದಲ ಗುಡುಗು ಮಳೆ ಬಂದ ಮಾರನೆಯ ದಿನ ಆ ಕಂಬಗಳ ಡಿಸ್‌ಕನೆಕ್ಟರುಗಳನ್ನು ನೆಲದಿಂದಲೇ ದುರ್ಬೀನಿನಲ್ಲಿ ಒಮ್ಮೆ ನೋಡಿಬರಬೇಕು.